ಬೀಳದ ಹೂವು

ಬ್ಯಾಕೋಡು
೧೭ ನವೆಂಬರ್ ೨೦೨೫

ಸೌಭಾಗ್ಯವತಿ ಧನ್ಯಶ್ರೀಗೆ ನಿನ್ನ ಅಮ್ಮ ಮಾಡುವ ಆಶೀರ್ವಾದ.

ಸೌಭಾಗ್ಯವತಿ ಎಂದು ಬರೆಯಲು ಮೂರು ವರ್ಷ ತಡವಾಯಿತು, ಬೈದುಕೋ. ಫೋನಿನಲ್ಲಾದರೆ ನನಗೆ ಅಳು ಬರುತ್ತದೆ, ನೀನು ಇಟ್ಟುಬಿಡುತ್ತೀಯ; ಅದಕ್ಕೇ ಈ ಕಾಗದ. ನಾನು, ಅಪ್ಪ ಚೆನ್ನಾಗಿದ್ದೇವೆ. ಹಿನ್ನೀರಿಗೆ ಸೇತುವೆ ಆದಮೇಲೆ ಲಾಂಚ್ ತಪ್ಪಿತು ಎನ್ನುವ ನೆಪವೂ ನನಗೆ ಉಳಿದಿಲ್ಲ.

ನಿನ್ನೆ ಸಾಗರದ ಬುದ್ಧ ಧ್ಯಾನ ಕೇಂದ್ರಕ್ಕೆ ಹೋಗಿದ್ದೆ. ನಗಬೇಡ. ನೀನು, ದುರ್ಗೇಶ ಬುದ್ಧನ ಮುಂದೆ ಮದುವೆಯಾದವರು. ಆ ಮುಖವನ್ನಾದರೂ ನೋಡೋಣ ಎನ್ನಿಸಿತು. ಬರಿಗೈಯಲ್ಲಿ ಹೋಗಬಾರದೆಂದು ತೆಂಗಿನಕಾಯಿ, ಊದುಬತ್ತಿ ಹಿಡಿದುಕೊಂಡೆ. ಹೊಸಬರನ್ನು ಕರೆದು ಕೂರಿಸಲು ಶರಾವತಿ ಎಂಬ ರಿಟೈರಾದ ಟೀಚರ್ ಇದ್ದರು. "ಕಾಯಿ ಒಡೆಯೋದು ಎಲ್ಲಿ?" ಎಂದು ಕೇಳಿದೆ.

"ಇಲ್ಲಿ ಒಡೆಯೋದಿಲ್ಲಮ್ಮ. ಕೊಡಿ, ಮಧ್ಯಾಹ್ನ ಚಟ್ನಿಗೆ ಆಗ್ತದೆ" ಎಂದು ನಕ್ಕರು.

ಕಣ್ಣು ಮುಚ್ಚಿ ಉಸಿರು ಗಮನಿಸಿ ಎಂದರು. ನಾನು ಕಣ್ಣು ಮುಚ್ಚಿದರೆ ತಾನೇ! ಬುದ್ಧನ ಅಂಗೈಯಲ್ಲಿ ಯಾರೋ ಒಂದು ಸೇವಂತಿಗೆ ಇಟ್ಟಿದ್ದರು. ನಮ್ಮೂರ ದೇವಿ ಚೌಡಮ್ಮನ ಮುಂದೆ ಕೇಳುವ ಹಾಗೇ ಮನಸ್ಸಿನಲ್ಲಿ ಕೇಳಿದೆ: ಮಗಳು ನನ್ನನ್ನು ಮನೆಯೊಳಗೆ ಕರೆಯುತ್ತಾಳಾ? ಹೌದಾದರೆ ಹೂವನ್ನು ಬಲಕ್ಕೆ ಬೀಳಿಸು, ಇಲ್ಲವಾದರೆ ಎಡಕ್ಕೆ. ಮುಕ್ಕಾಲು ಗಂಟೆ ನೋಡಿದೆ. ಕಾಲು ಜೋಮು ಹಿಡಿಯಿತು, ಹೂವು ಮಾತ್ರ ಮಿಸುಕಲಿಲ್ಲ.

ಎದ್ದವಳೇ ಟೀಚರ್ ಹತ್ತಿರ ನಾನು ಕೇಳಿಕೊಂಡದ್ದನ್ನೆಲ್ಲ ಹೇಳಿ ದೂರಿದೆ. "ಎಂತ ದೇವ್ರಮ್ಮ ನಿಮ್ದು, ಹೂವಿನ ಪ್ರಸಾದನೇ ಕೊಡ್ಲಿಲ್ಲ!"

ಈ ಸಲ ಅವರು ನಗಲಿಲ್ಲ. "ಅದನ್ನ ಯಾರ ಹತ್ರ ಕೇಳ್ಬೇಕಿತ್ತು?" ಎಂದರು.

"ಮಗಳ ಹತ್ರ" ಎಂದೆ. ಅಷ್ಟು ಹೇಳಿದ್ದಕ್ಕೇ ಎದೆ ಹಗುರವಾಯಿತು. ಊಟಕ್ಕೆ ನನ್ನ ಕಾಯಿಯದೇ ಚಟ್ನಿ. ಉಪ್ಪು ಕಮ್ಮಿಯಿತ್ತು.

ಹಾಗಾಗಿ ನಿನ್ನನ್ನೇ ಕೇಳುತ್ತಿದ್ದೇನೆ: ತೀರ್ಥಹಳ್ಳಿಗೆ, ನಿಮ್ಮ ಮನೆಗೆ ಬರಲಾ? ದುರ್ಗೇಶನಿಗೂ ನನ್ನ ಆಶೀರ್ವಾದ ತಿಳಿಸು. ಇಬ್ಬರೂ ತಣ್ಣಗಿರಿ.

ನಿನ್ನ ಅಮ್ಮ,
ವಿಶಾಲಮ್ಮ

ಮೇಲೆ ಬರೆಯಲಾಗದ ಮಾತು: ನಿನ್ನ ಮದುವೆಗೆ ಮುಂಚೆ ನಾನೊಬ್ಬಳೇ ಹೋಗಿ ಚೌಡಮ್ಮನ ಅಪ್ಪಣೆ ಕೇಳಿ ಬಂದು, ಹೂವು ಎಡಕ್ಕೆ ಬಿತ್ತು, ದೇವಿ ಒಪ್ಪಲಿಲ್ಲ ಎಂದಿದ್ದೆನಲ್ಲ. ಸುಳ್ಳು, ಮಗಳೇ. ಬಲಕ್ಕೇ ಬಿದ್ದಿತ್ತು. ಜಾತಿಯವರ ಬಾಯಿಗೆ ಹೆದರಿ ಆ ಹೂವನ್ನು ಹಿನ್ನೀರಿಗೆ ಎಸೆದು ಮನೆಗೆ ಬಂದೆ. ನನ್ನ ಮಾತು ನಂಬಿಯೇ ಅಪ್ಪ ನಿನ್ನ ಮದುವೆಗೆ ಬರಲಿಲ್ಲ. ಇವತ್ತು ಬೆಳಿಗ್ಗೆ ಅವರಿಗೂ ಹೇಳಿದೆ. ತಿಂಡಿ ಅರ್ಧಕ್ಕೆ ಬಿಟ್ಟು ಎದ್ದು ಹೋದರು. ಈಗಷ್ಟೇ ಒಳಗೆ ಬಂದು, ನನ್ನ ಮುಖ ನೋಡದೆ, "ತೀರ್ಥಳ್ಳಿ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದರು.