ಐದನೆಯ ವಾಕ್ಯ

ನವೆಂಬರ್ 17, ಸೋಮವಾರ

ಮೂರನೇ ಕ್ಲಾಸಿಗೆ ‘ಮತ್ತು’, ‘ಆದರೆ’ ಮುಗಿಯಿತು. ಇವತ್ತು ‘ಆದ್ದರಿಂದ’. ಬೋರ್ಡಿನ ಮೇಲೆ ಬರೆದೆ — ಮಳೆ ಬಂತು, ಆದ್ದರಿಂದ ಆಟ ನಿಂತಿತು. ಗಗನ ಎದ್ದು ನಿಂತು, ಬೆಲ್ ಹೊಡೆಯಿತು, ಆದ್ದರಿಂದ ಮಿಸ್ ಸುಮ್ಮನಾದರು ಎಂದಳು. ಎಲ್ಲರೂ ನಕ್ಕರು. ನಾನೂ. ಹೋಮ್‌ವರ್ಕ್ — ಐದು ವಾಕ್ಯ.

ಹತ್ತು ನಲವತ್ತಕ್ಕೆ ಗೇಟಿನ ಹತ್ತಿರ ಸ್ಕೂಟರ್ ಸ್ಟ್ಯಾಂಡ್ ಹಾಕಿದ ಸದ್ದು. ಕಿಟಕಿಗೆ ಹೋಗಿ ನೋಡಿದೆ. ಯಾರೂ ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿದ್ದೂ...

ನವೆಂಬರ್ 18, ಮಂಗಳವಾರ, ಸಂಜೆ 4.30

ಸ್ಟಾಫ್ ರೂಮಿನಲ್ಲಿ ತಿದ್ದುತ್ತಿದ್ದೆ. ಧರಣಿಯ ನೋಟ್‌ಬುಕ್. ನಾಲ್ಕು ವಾಕ್ಯ ಸರಿ. ಐದನೆಯದು — ‘ನಾನು ಚಾರ್ಟ್ ಮರೆತು ಬಂದೆ, ಆದ್ದರಿಂದ ಅಮ್ಮ ಸತ್ತುಹೋದರು.’

ಕಾಗುಣಿತದ ತಪ್ಪಿಲ್ಲ. ಕೆಂಪು ಪೆನ್ ಹಿಡಿದೇ ಕೂತಿದ್ದೆ.

ಒಮ್ಮೆಯಾದರೂ ಬರೆದುಬಿಡಬೇಕು. ಜುಲೈ 9, ಇನ್‌ಸ್ಪೆಕ್ಷನ್ ದಿನ. ಧರಣಿ ಹಣ್ಣುಗಳ ಚಾರ್ಟ್ ಮರೆತಿದ್ದಳು. ಅವಳನ್ನು ಜಾಗಕ್ಕೆ ಕಳಿಸಿ, ಕಾರಿಡಾರಿಗೆ ಬಂದು, ಹತ್ತು ಮೂವತ್ತೈದಕ್ಕೆ ಅವಳ ಅಮ್ಮನಿಗೆ ಫೋನ್ ಮಾಡಿದೆ. ಈಗಲೇ ಬೇಕು ಎಂದೆ. ಸ್ಕೂಟರಿನಲ್ಲಿ ಹೊರಟರು. ರಿಂಗ್ ರೋಡಿನಲ್ಲಿ ಟಿಪ್ಪರ್...

ಫೋನಿನ ವಿಷಯ ಯಾರಿಗೂ ಹೇಳಿಲ್ಲ. ಅಮ್ಮ ತಾವಾಗಿಯೇ ಚಾರ್ಟ್ ನೋಡಿ ತರಲು ಹೊರಟರು ಎಂದು ಮಗು ನಂಬಿದೆ.

ನವೆಂಬರ್ 20, ಗುರುವಾರ

ಎಚ್.ಎಂ. ದಾಕ್ಷಾಯಣಮ್ಮನವರಿಗೆ ವಾಕ್ಯ ತೋರಿಸಿದೆ. ವಾಕ್ಯ ಮಾತ್ರ. ಕೆದಕಬೇಡಿ, ಮಕ್ಕಳು ಮರೆಯುತ್ತಾರೆ ಎಂದರು. ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ನಾಚಿಕೆ.

ಮಧ್ಯಾಹ್ನ ಧರಣಿ ನೋಟ್‌ಬುಕ್ ಕೇಳಲು ಬಂದಳು.

“ತಪ್ಪಿದ್ಯಾ ಮಿಸ್?”

“ಇಲ್ಲ, ಎಲ್ಲಾ ಸರಿ ಇದೆ.”

ಬಾಯಿಂದ ಬಂದುಬಿಟ್ಟಿತು. ಅವಳು ತಲೆಯಾಡಿಸಿದಳು — ತನಗೂ ಅದು ಗೊತ್ತು ಎನ್ನುವ ಹಾಗೆ.

ಡಿಸೆಂಬರ್ 3, ಬುಧವಾರ

ಇಷ್ಟು ದಿನ ಇದನ್ನು ತೆರೆಯಲಿಲ್ಲ.

ಪ್ರೇಯರ್ ಮುಗಿಸಿ ಬರುವಾಗ ಧರಣಿಯ ಬ್ಯಾಗಿನ ಪಟ್ಟಿ ಕಿತ್ತುಹೋಯಿತು. ನೆಲದ ತುಂಬ ಪುಸ್ತಕ, ಎರಡನೇ ಕ್ಲಾಸಿನವೂ. ಮಡಿಸಿದ ಚಾರ್ಟ್‌ಗಳು, ಎರಡು ಗಮ್ ಬಾಟಲಿ, ಸ್ವೆಟರ್. ಭುಜದ ಮೇಲೆ ಕೆಂಪು ಗೆರೆ. ಇಷ್ಟೆಲ್ಲ ಯಾಕೆ ಹೊರುತ್ತೀಯಾ ಎಂದು ಕೇಳಿದೆ.

“ಏನಾದ್ರೂ ಮರೆತ್ರೆ ಅಪ್ಪ ತಂದ್ಕೊಡಕ್ಕೆ ಬಂದ್ಬುಡ್ತಾರೆ ಮಿಸ್.”

ಆಮೇಲೆ ಪಾಠ ಮಾಡಲಾಗಲಿಲ್ಲ.

ಡಿಸೆಂಬರ್ 6, ಶನಿವಾರ

ಸ್ಕೂಲು ಬಿಟ್ಟ ಮೇಲೆ ರಾಮಕೃಷ್ಣನಗರದ ಅವರ ಮನೆಗೆ ಹೋದೆ. ಅಪ್ಪ ವಸಂತ್, ಅಜ್ಜಿ ಪುಟ್ಟಲಿಂಗಮ್ಮ. ಫೋನಿನ ವಿಷಯ ಕೂರದೆ ಹೇಳಿದೆ, ಕೂತರೆ ಹೇಳಲಾಗುವುದಿಲ್ಲ ಎಂದು. ವಸಂತ್ ಎದ್ದು ನಿಂತರು.

“ಆಸ್ಪತ್ರೇಲಿ ಅವಳ ಫೋನ್ ಕೊಟ್ರು ಮಿಸ್. ಕೊನೇ ಕಾಲ್ ನಿಮ್ದೇ. ನೀವೇ ಬಂದು ಹೇಳ್ತೀರಾ ಅಂತ ಕಾದೆ. ಆಮೇಲೆ ಕಾಯೋದೂ ಬುಟ್ಬುಟ್ಟೆ.”

ಬೈಯಲಿಲ್ಲ. ಮಗಳನ್ನು ಕರೆದರು. ಇವಳಿಗೂ ನೀವೇ ಹೇಳಿ ಎಂದರು.

ಹೇಳಿದೆ. ನೀನು ಮರೆತಿದ್ದರಿಂದ ಅಲ್ಲ, ಫೋನ್ ಮಾಡಿ ಕರೆದವಳು ನಾನು. ಅವಳು ನನ್ನನ್ನೇ ನೋಡಿದಳು.

“ಹಂಗಾದ್ರೆ ನಿಮ್ಮಿಂದಾನಾ ಮಿಸ್?”

ವಸಂತ್ ಅವಳನ್ನು ಎತ್ತಿಕೊಂಡರು. “ಟಿಪ್ಪರ್ ರಾಂಗ್ ಸೈಡಲ್ಲಿ ಬಂತು ಕಣಮ್ಮ. ಅಷ್ಟೇ.” ಆಗ ಅತ್ತಳು. ಐದು ತಿಂಗಳಿಂದ ಅತ್ತಿರಲಿಲ್ಲವಂತೆ. ಅಜ್ಜಿ ಬಾಗಿಲವರೆಗೆ ಬಂದು, ಹೋಗಿ ಬನ್ನಿ ಎಂದರು. ಬಾಗಿಲು ಹಾಕಿಕೊಂಡರು.

ಡಿಸೆಂಬರ್ 8, ಸೋಮವಾರ

ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಬೆಳಿಗ್ಗೆಯೆಲ್ಲ ನನ್ನ ಕಡೆ ನೋಡಲಿಲ್ಲ. ಊಟದ ಬೆಲ್ ಆದ ಮೇಲೆ ಟೇಬಲ್ ಹತ್ತಿರ ಬಂದು ನಿಂತಳು.

“ಅಮ್ಮ ಫೋನಲ್ಲಿ ಏನಂದ್ರು ಮಿಸ್?”

ಯಾರೂ ಕೇಳಿರಲಿಲ್ಲ, ಇಲ್ಲಿಯವರೆಗೆ. ದಿನವೂ ನನ್ನ ಕಿವಿಯಲ್ಲಿರುವ ಮಾತು. ಹೇಳಿದೆ — ಅಯ್ಯೋ, ಅಳ್ತಿದ್ದಾಳಾ? ಬೈಬೇಡಿ ಮಿಸ್, ಪಾಪ, ಐದು ನಿಮಿಷ, ಬಂದ್ಬುಟ್ಟೆ.

ಇನ್ನೊಂದು ಸಲ ಹೇಳಿ ಎಂದಳು. ಹೇಳಿದೆ. ಅಮ್ಮನ ಥರಾನೇ ಹೇಳಿ ಎಂದಳು. ಪ್ರಯತ್ನಿಸಿದೆ. ‘ಪಾಪ’ ಎನ್ನುವಲ್ಲಿ ನನ್ನ ಗಂಟಲಲ್ಲಿ ಅವರ ದನಿ ಬಂದುಬಿಟ್ಟಿತು.