ಬಿಲ್ಲೆ ಭದ್ರ ಐತ್ರಿ

ಕುರಣದ ಗುಡಿಸಲು, ಮ್ಹೈಸಾಳ
ಗುರುವಾರ, ೨೫ ನವೆಂಬರ್ ೧೯೪೮

ಸಾಂಗ್ಲ್ಯಾಗ ಸಿಟ್ಟು ಮಾಡ್ಕೊಂಡು ಕುಂತಿರುವ ನನ್ನ ಯಜಮಾನರಿಗೆ ಮಾಯವ್ವನ ನಮಸ್ಕಾರ.

ಸಂಸ್ಥಾನದ ಕುದುರಿಗೆ ಹುಲ್ಲು ಕಾಯ್ದ ಈ ಕುರಣದಾಗ, ನೀವು ಮಣ್ಣಿನ ಮ್ಯಾಲ ಕಡ್ಡೀಲೆ ಕಲಿಸಿದ ಅಕ್ಷರದಾಗ ಬರದೇನಿ. ತಪ್ಪಿದ್ರ ತಪ್ಪು ಗುರುಗಳದು.

ನಿಮ್ಮ ಕಾಗದ ಮುಟ್ಟಿತು. ಸಂಸ್ಥಾನದ ಹಿತ್ತಾಳಿ ಬಿಲ್ಲೆ ಸೋಮವಾರದೊಳಗ ಜಮಾ ಮಾಡಿದ್ರಷ್ಟ ಹೊಸ ಸರಕಾರ ನಿಮ್ಮನ್ನ ಕಾವಲಿ ನೌಕರಿಗೆ ಇಟ್ಕೊಳ್ತೈತಿ, ಯಾರ ಕೈಯಾಗರೆ ಕಳಸು ಅಂತ ಬರದೀರಿ. ಬಿಲ್ಲೆ ಭದ್ರ ಐತಿ, ಚಿಂತಿ ಮಾಡಬ್ಯಾಡ್ರಿ. ವಿಲೀನ ಆದ ದಿನ ಅದನ್ನ ಎದಿಮ್ಯಾಲಿಂದ ಕಿತ್ತು ಹುಲ್ಲಿನಾಗ ಒಗದು ಹೋದವರು ನೀವು, ಹುಡುಕಿ ತಗದಾಕಿ ನಾನು. ಎಂಟು ತಿಂಗಳಾತು, ಹತ್ತು ಮೈಲಿ ದೂರದ ಮನಿಗೆ ನಿಮಗಿನ್ನೂ ಹಾದಿ ಸಿಕ್ಕಿಲ್ಲ.

ಕುರಣದಾಗ ಗೂಗಿ ಕುಂತದ್ದಕ್ಕ ಸಂಸ್ಥಾನ ಹೋತು, ಅದು ಇರೂತನ ಕಾಲಿಡೂದಿಲ್ಲ ಅಂದ್ರಿ. ಅಲ್ರೀ, ದೇಶದಾಗಿನ ಅಷ್ಟೂ ಸಂಸ್ಥಾನ ಹೋದ್ವು, ಈ ಬಡಪಾಯಿ ಒಂದ ಎಲ್ಲೆಲ್ಲಂತ ಹೋಗಿ ಕುಂದ್ರಬೇಕು? ಇದಕ್ಕ ಗಿಡದ ಟೊಂಗಿನೂ ಬ್ಯಾಡ, ಯಾರ ಮಾಳಿಗಿನೂ ಬ್ಯಾಡ. ಎತ್ತರದ ಹುಲ್ಲಿನ ಬುಡದಾಗ, ನೆಲದ ಮ್ಯಾಲ ತತ್ತಿ ಇಡತೈತಿ. ಈ ಸಲನೂ ನಾಕು ಇಟ್ಟೈತಿ. ಮಾರಿ ಬೆಳ್ಳಗ, ಅರಳಿ ಎಲಿ ಹಂಗ. ಸಮೀಪ ಹೋದ್ರ ಬುಸ್ ಅಂತೈತಿ, ಥೇಟ್ ನಿಮ್ಮಂಗ! ಹೋಗೂಮುಂದ ಗೂಡಿಗೆ ಬೆಂಕಿ ಹಚ್ಚು ಅಂದಿದ್ರಿ. ನಾ ಹಚ್ಚಲಿಲ್ಲ. ಬೈಯೂದಿದ್ರ ಬೈರಿ.

ನಿನ್ನೆ ಹುಲ್ಲು ಕೊಯ್ಯಾವರು ಬಂದ್ರು. ಒಂದು ಕಡ್ಡಿನೂ ಬಿಡಬಾರದು ಅಂತ ಹೊಸ ಸಾಹೇಬರ ಹುಕುಂ ಐತಿ ಅಂದ, ಅವರ ಮುಕಾದಮ ಧೋಂಡಪ್ಪ. ಹೆಂಗಸಿನ ಮಾತು ಯಾರು ಕೇಳ್ತಾರ? ಆದ್ರೂ ಗೂಡು ಉಳೀತು. ಹೆಂಗ ಅಂತ ಕೇಳಬ್ಯಾಡ್ರಿ.

ಖರೇ ಹೇಳ್ತೇನಿ, ನೀವಿಲ್ಲದ ನನಗ ಊಟ ಸೇರವಲ್ದು. ರಾಜರ ಚಾಕರಿ ಹೋದ್ರ ನೀವು ನನ್ನ ಗಂಡ ಅಲ್ಲ ಅಂತ ಆತೇನ್ರಿ? ಯಾರೂ ನಗೂದಿಲ್ಲ, ಬರ್ರಿ.

ನಿಮ್ಮಾಕಿ,
ಮಾಯವ್ವ

ತಾ.ಕ.: ಹೊಟ್ಟ್ಯಾಗ ಮಾತು ನಿಂದ್ರವಲ್ದು, ಹೇಳೇಬಿಡ್ತೇನಿ. ನಿನ್ನೆ ಮುಂಜಾನೆ ಬಿಲ್ಲೆ ತಿಕ್ಕಿ ತಿಕ್ಕಿ ಹೊಳಿಸಿ, ನಿಮ್ಮ ಕೋಲಿಗೆ ಕಟ್ಟಿ, ಗೂಡಿನ ಮುಂದ ನೆಟ್ಟೇನಿ. ಧೋಂಡಪ್ಪ ಅದನ್ನ ನೋಡಿ ಕುಡಗೋಲು ಕೆಳಗ ಇಟ್ಟ. ಇದು ಗುರಲಿಂಗಣ್ಣನ ಕಾವಲಿ ಐತಿ, ಇಲ್ಲಿ ಯಾರೂ ಕೈ ಹಚ್ಚಬ್ಯಾಡ್ರಿ ಅಂತ ಮಂದಿಗೆ ಹೇಳಿ, ಗೂಡು ಬಿಟ್ಟು ಸುತ್ತ ಕೊಯ್ದ. ಸಂಸ್ಥಾನದ ಹೆಸರು ಅವ ಎತ್ತಲಿಲ್ಲ, ನಿಮ್ಮ ಹೆಸರಷ್ಟ ಎತ್ತಿದ. ಕೊಯ್ಲು ಇನ್ನೂ ಮುಗದಿಲ್ಲ, ತತ್ತಿ ಇನ್ನೂ ಒಡದಿಲ್ಲ. ಬಿಲ್ಲೆ ಒಯ್ಯಾಕ ನೀವ ಬರ್ರಿ. ಅದನ್ನ ಕಿತ್ತ ಜಾಗಾದಾಗ ಯಾರರೆ ಒಬ್ಬರು ನಿಂದ್ರಬೇಕಲ್ಲ.