ಹೊನ್ನಿಖೇಡದ ಒಂಟೆ

ಹೊನ್ನಿಖೇಡ, ಬೀದರ ಸೀಮೆ
ಡಿಸೆಂಬರ್ ೨೭, ೨೧೭೪

ಹಿಂದಿನ ಕಾಲದ ಹೊನ್ನಿಖೇಡದವರಿಗೆ,

ಇನ್ನೂ ಹುಟ್ಟದವಳಿಂದ ಕಾಗದ ಬಂದರೆ ಯಾರಿಗಾದರೂ ಗಾಬರಿಯೇ. ಕ್ಷಮಿಸಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಅನ್ನಿಸಬಹುದು. ಅರ್ಥ ಹೇಳುತ್ತಲೇ ಹೋಗುತ್ತೇನೆ.

ನನ್ನ ಹೆಸರು ಸುಗಂಧಿ ಖಾರ್ವಿ. ನಾನು ಹುಟ್ಟಿದ ಊರು ಕಡಲಂಚಿನಲ್ಲಿತ್ತು. ಈಗ ಅಲ್ಲಿ ಕಡಲೇ ಇದೆ. ಮನೆ ಕಳೆದುಕೊಂಡವರನ್ನೆಲ್ಲ ಒಳನಾಡಿನ ಊರುಗಳಿಗೆ ಹಂಚಿದಾಗ ನನ್ನ ಪಾಲಿಗೆ ನಿಮ್ಮ ಹೊನ್ನಿಖೇಡ ಬಂತು. ಇಲ್ಲೀಗ ಬೀದಿಗಳ ಮೇಲೆಲ್ಲ ಬೆಳಕುಬಟ್ಟೆ ಕಟ್ಟಿರುತ್ತಾರೆ. ಹಗಲಿಡೀ ಬಿಸಿಲು ಕುಡಿದು, ಕೆಳಗೆ ನಡೆಯುವವರಿಗೆ ನೆರಳು ಕೊಟ್ಟು, ಸಂಜೆ ಮನೆಗಳಿಗೆ ಕರೆಂಟು ಕೊಡುವ ಬಟ್ಟೆ ಅದು. ಹರಿದದ್ದನ್ನು ಹೊಲಿಯುವುದು ನನ್ನ ಕೆಲಸ. ಆ ಹೊಲಿಗೆ ಕಲಿಸಿದವರು ಪಕ್ಕದ ಮನೆಯ ಕರುಣಾಬಾಯಿ. ಎಪ್ಪತ್ತು ದಾಟಿದ ಹೆಂಗಸು, ಗಂಟಲು ಮಾತ್ರ ಗಂಟೆಯಂಥದು. ಚರ್ಚಿನ ಕ್ರಿಸ್‌ಮಸ್ ಮೆರವಣಿಗೆಗೂ ಅವರೇ ಯಜಮಾನಿ.

ಮೊದಲ ವರ್ಷ ಆ ಮೆರವಣಿಗೆ ನೋಡಿ ನನಗೇ ಮುಜುಗರವಾಯಿತು. ದೊಡ್ಡ ಊರುಗಳಲ್ಲಿ ಹಬ್ಬಕ್ಕೆ ಗಾಳಿಚಿತ್ರ ಬಿಡುತ್ತಾರೆ: ಆಕಾಶದ ತುಂಬ ದೇವದೂತರು, ಬೀದಿಯಲ್ಲಿ ಉಸಿರಾಡುವಂತೆಯೇ ಕಾಣುವ ಒಂಟೆಗಳು. ಮುಟ್ಟಹೋದರೆ ಕೈಗೆ ಏನೂ ಸಿಗದು. ಇಲ್ಲಿ ಕಂಬಳಿಯೊಳಗೆ ಇಬ್ಬರು ಬಗ್ಗಿ ನಡೆದರೆ ಒಂಟೆ. ತಳ್ಳುಗಾಡಿಯ ಮೇಲೆ ಬಾಲಯೇಸುವನ್ನು ಮಲಗಿಸುವ, ಜೋಳದ ದಂಟಿನ ಗೋದಲಿ. ರಿಪೇರಿ ಅಂಗಡಿಯ ಸಿಮೋನಪ್ಪ ಹಸುಗೂಸುಗಳನ್ನು ಕೊಲ್ಲಿಸಿದ ಹೆರೋದ ರಾಜನ ವೇಷ ಹಾಕಿ, ಮಕ್ಕಳನ್ನು ಹೆದರಿಸುವ ಬದಲು ಎಲ್ಲರಿಗೂ ಹಬ್ಬದ ಶುಭಾಶಯ ಹೇಳುತ್ತ ಬರುತ್ತಿದ್ದರು. ದೇವದೂತರ ರೆಕ್ಕೆಗಳು ಚಿಂದಿ ಬೆಳಕುಬಟ್ಟೆಯವು. ಕತ್ತಲಾಗುತ್ತಲೇ ಒಂದಿಷ್ಟು ಮಿಣುಗಿ ಆರಿಹೋದವು. ನಾನು ಬಾಗಿಲು ಹಾಕಿಕೊಂಡೆ.

ಮರುವರ್ಷ ಹೊಸ್ತಿಲಲ್ಲಿ ನಿಂತಿದ್ದೆ. ಕರುಣಾಬಾಯಿ ಮೆರವಣಿಗೆಯನ್ನೇ ನಿಲ್ಲಿಸಿ ನನ್ನತ್ತ ಬಂದರು.

"ನಿಂತು ಏನ್ ನೋಡ್ತಿ ತಂಗಿ? ಬಾ, ಒಂಟೀದು ಹಿಂದಿನ ಕಾಲು ಖಾಲಿ ಅವ."

"ನಾನು ನಿಮ್ಮ ಚರ್ಚಿನವಳಲ್ಲ, ಬಾಯಿ."

"ಒಂಟಿ ಯಾವ ಚರ್ಚಿಂದು?"

ಹೋದೆ. ಒಳಗೆ ಕಂಬಳಿಯ ಧೂಳು, ಕಣ್ಣೆದುರಿಗೆ ಮುಂದಿನವರ ಹಿಮ್ಮಡಿ. ದಾರಿಯುದ್ದಕ್ಕೂ ಮಕ್ಕಳು ನನ್ನ ಬೆನ್ನು ತಟ್ಟುತ್ತಿದ್ದರು. ಯಾರೋ ಮುದುಕಿ ಕಂಬಳಿ ಎತ್ತಿ, "ಒಂಟೀ, ಹಸಿವಾಯ್ತೇನು?" ಎಂದು ಕೈಗೊಂದು ಕರ್ಚಿಕಾಯಿ ಇಟ್ಟಳು. ಊರು ಮುಳುಗಿದ ಮೇಲೆ ನಾನು ಮನಸಾರೆ ನಕ್ಕಿದ್ದು ಆ ಕಂಬಳಿಯೊಳಗೇ. ಅಲ್ಲಿ ಅತ್ತರೂ ಯಾರಿಗೂ ಕಾಣುವುದಿಲ್ಲ, ಅದನ್ನೂ ಮಾಡಿದೆ.

ಈ ವರ್ಷ ದೀಪಾವಳಿಯ ಹೊತ್ತಿಗೆ ಕರುಣಾಬಾಯಿ ಹಾಸಿಗೆ ಹಿಡಿದರು. ಎದೆ ಸೋತಿದೆ, ಎಬ್ಬಿಸಬೇಡಿ ಎಂದರು ಡಾಕ್ಟರು. ಚರ್ಚಿನಲ್ಲಿ ಎಲ್ಲರೂ ಸೇರಿದಾಗ ಸಿಮೋನಪ್ಪ, "ಈ ಸಲ ಗಾಳಿಚಿತ್ರಾನೇ ತರಿಸೋಣ. ಬಾಯಿ ಇಲ್ದ ಯಾರಿಗೆ ಮನಸ್ಸಾಗ್ತದ?" ಎಂದರು. ಯಾರೂ ಬೇಡವೆನ್ನಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಅವರು ಮಲಗಿದ್ದು ಹಿಂದಿನ ಕೋಣೇಲಿ. ಆಕಾಶದಲ್ಲಿ ಏನು ಬಿಟ್ಟರೂ ಅವರಿಗೆ ಕಾಣೂದಿಲ್ಲ. ನಾವಾದರೆ ಮನೆ ಒಳಗೇ ಹೋಗಬಹುದು," ಎಂದೆ.

ಕ್ರಿಸ್‌ಮಸ್ ಹಿಂದಿನ ಸಂಜೆ ಹಾಗೇ ಹೋದೆವು. ಗಾಡಿ ಬಾಗಿಲಲ್ಲಿ ಸಿಕ್ಕಿಕೊಂಡಿತು. ಹೆರೋದ ರಾಜ ಕಿರೀಟ ತೆಗೆದಿಟ್ಟು ಬಾಗಿಲನ್ನೇ ಕಳಚಿದ. ಕುರುಬರು, ದೇವದೂತರು, ಗೋದಲಿ, ಎಲ್ಲ ಒಬ್ಬರ ಹಿಂದೊಬ್ಬರು ಪಡಸಾಲೆ ದಾಟಿ, ಹಾಸಿಗೆಯ ಪಕ್ಕದಲ್ಲೇ ಹಾದು, ಅಡುಗೆಮನೆಯಿಂದ ಹಿತ್ತಲಿಗೆ ಇಳಿದರು. ದಿಂಬಿಗೆ ಒರಗಿದ್ದ ಕರುಣಾಬಾಯಿ ಒಬ್ಬೊಬ್ಬರನ್ನೂ ತಿದ್ದಿದರು. "ಹೆರೋದ ಅಳಬಾರ್ದೋ ಸಿಮೋನಾ. ನೆಟ್ಟಗ ನಿಲ್ಲು." ಒಂಟೆ ಹತ್ತಿರ ಬಂದಾಗ ಕಂಬಳಿಯೊಳಗೆ ಕೈ ತೂರಿಸಿ ನನ್ನ ಕೆನ್ನೆ ಹುಡುಕಿ ಮುಟ್ಟಿದರು. "ಈಗ ಛಲೋ ನಡೀಲತ್ತಿ," ಎಂದರು. ಕೊನೆಯವನು ಹಿತ್ತಲಿಗೆ ಇಳಿಯುತ್ತಲೇ ಒಳಗಿಂದ ಆ ಗಂಟಲು ಕೇಳಿತು: "ಇನ್ನೊಮ್ಮೆ ಬರ್ರೀ!"

ಮನೆಯನ್ನು ಸುತ್ತಿ ಮತ್ತೆ ಮುಂಬಾಗಿಲಿಂದ ಹೋದೆವು. ಅವರು ನಿದ್ದೆ ಹೋಗುವ ತನಕ ಹೋಗುತ್ತಲೇ ಇದ್ದೆವು.

ನಿನ್ನೆ ಅವರನ್ನು ಮಣ್ಣಿಗೆ ಕೊಟ್ಟು ಬಂದೆವು. ಬೆಟ್ಟದ ತಂಪು ಊರಿಗೆ ಹೋಗಿ ನೆಲೆಸಲು ಮೊದಲ ವರ್ಷವೇ ಅರ್ಜಿ ಹಾಕಿದ್ದೆ, ಕೊನೆಗೂ ಅನುಮತಿ ಬಂದಿತ್ತು. ಇವತ್ತು ಬೆಳಿಗ್ಗೆ ಒಲ್ಲೆ ಎಂದು ತಿಳಿಸಿದೆ.

ಈ ಮೆರವಣಿಗೆಯನ್ನು ಮೊದಲು ಯಾರು ಕಟ್ಟಿದರೋ ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಕಾಲದವರೇ ಇರಬೇಕು ಅನ್ನುತ್ತಾರೆ. ಬಹುಶಃ ನೀವಿನ್ನೂ ಅದರ ಮಾತಾಡಿಕೊಳ್ಳುತ್ತಿರಬಹುದು, ಜನ ನಕ್ಕಾರು ಎಂದು ಹಿಂದೆಮುಂದೆ ನೋಡುತ್ತಿರಬಹುದು. ದಯವಿಟ್ಟು ಬಿಡಬೇಡಿ. ಇದ್ದುದರಲ್ಲೇ, ಈ ಡಿಸೆಂಬರಿನಲ್ಲೇ ಹೊರಡಿ. ನಮಗದು ಬೇಕಾಗುತ್ತದೆ.

ನಿಮ್ಮೂರಿನವಳಾದ
ಸುಗಂಧಿ